ಸಾಗರ ವಿಜ್ಞಾನಿಗಳ ಓಟಕ್ಕೆ ಬೇರೆಯದೇ ವೇಳಾಪಟ್ಟಿ

ಮಾನ್ಯ ಸಂಪಾದಕರೇ,

ಸಾಗರ ವಿಜ್ಞಾನದ ವೃತ್ತಿಯಲ್ಲಿರುವವರು ಮ್ಯಾರಥಾನ್ ಆಸೆ ಬಿಡಬೇಕಿಲ್ಲ. ಆದರೆ ಎಲ್ಲರಿಗೂ ಹಂಚುವ ತರಬೇತಿ ಪಟ್ಟಿ ಅವರಿಗೆ ಒಗ್ಗುವುದಿಲ್ಲ. ಕಡಲ ನೀರಿನ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ದಡದಲ್ಲಿ ಮಾದರಿ ಸಂಗ್ರಹಿಸುವವರ ದಿನಚರಿಯೂ ಅದರ ಹಿಂದೆಯೇ ಸರಿಯುತ್ತದೆ. 'ದಿನಾ ಬೆಳಿಗ್ಗೆ ಆರಕ್ಕೆ ಓಟ' ಎಂಬ ಶಪಥ ವಾರದೊಳಗೇ ಮುರಿಯುತ್ತದೆ. ಉಬ್ಬರವಿಳಿತದ ಕೋಷ್ಟಕ ಎದುರಿಗಿಟ್ಟುಕೊಂಡೇ ದೀರ್ಘ ಓಟದ ದಿನ ಗುರುತಿಸಬೇಕು.

ನಿಜವಾದ ಅಪಾಯವಿರುವುದು ಸ್ಕೂಬಾ ಡೈವಿಂಗ್ ಇದ್ದಾಗ. ಆಳದ ಒತ್ತಡದಲ್ಲಿ ದೇಹದೊಳಗೆ ಕರಗಿದ ಸಾರಜನಕ, ಮೇಲೆ ಬಂದ ಮೇಲೂ ಗಂಟೆಗಟ್ಟಲೆ ಹೊರಹೋಗುತ್ತಿರುತ್ತದೆ. ಆ ಹೊತ್ತಿನಲ್ಲಿ ಬಿರುಸಾಗಿ ಓಡಿದರೆ ಆ ಸಾರಜನಕದ ಗುಳ್ಳೆಗಳಿಂದ ಬರುವ ಡಿಕಂಪ್ರೆಷನ್ ಕಾಯಿಲೆಯ ಸಾಧ್ಯತೆ ಹೆಚ್ಚುತ್ತದೆ. ಇನ್ನೊಂದು ತೊಡಕಿದೆ: ಈ ಕಾಯಿಲೆಯ ಕೀಲುನೋವನ್ನು ಓಟದ ನೋವೆಂದು ತಳ್ಳಿಹಾಕುವವರು ಚಿಕಿತ್ಸೆಯ ಹೊತ್ತು ಕಳೆದುಕೊಳ್ಳುತ್ತಾರೆ. ಡೈವ್ ಮಾಡಿದ ದಿನ ಓಟ ಬೇಡವೇ ಬೇಡ. ಓಡಿ ಬೆವರಿ ನೀರಿನಂಶ ಕಳೆದುಕೊಂಡ ದೇಹದೊಂದಿಗೆ ನೀರಿಗಿಳಿಯುವುದೂ ಒಳ್ಳೆಯದಲ್ಲ.

ಹಡಗಿನಲ್ಲಿ ಟ್ರೆಡ್‌ಮಿಲ್ ಇದ್ದರೂ ಹೊಯ್ದಾಟ ಜೋರಿದ್ದಾಗ ಪಾದ ಓರೆಯಾಗಿ ಬಿದ್ದು ಪಾದದ ಕೀಲು ಉಳುಕಬಹುದು. ಅಂಥ ದಿನ ನೆಲಕ್ಕೆ ಬಿಗಿದ ವ್ಯಾಯಾಮದ ಸೈಕಲ್ಲೇ ಮೇಲು. ತಿಂಗಳ ಯಾನ ಮುಗಿಸಿ ಬಂದವರು ಮೊದಲ ವಾರ ಹಳೆಯ ದೂರದ ಅರ್ಧಕ್ಕೇ ನಿಲ್ಲಲಿ. ಉಸಿರು ಬೇಗ ಮರಳುತ್ತದೆ, ಸ್ನಾಯುರಜ್ಜುಗಳು ನಿಧಾನ.

ಕಡಲ ದಂಡೆಯ ಇಳಿಜಾರಿನಲ್ಲಿ ಒಂದೇ ದಿಕ್ಕಿಗೆ ಓಡಿದರೆ ಒಂದು ಕಾಲಿಗೇ ಭಾರ ಹೆಚ್ಚು. ಹೋದ ದಾರಿಯಲ್ಲೇ ಹಿಂದಿರುಗಿ.

ಇಂತಿ,
ಓಟದ ಹವ್ಯಾಸವಿರುವ ಓದುಗರು