ಅಗ್ನಿಶಾಮಕ ದಳಕ್ಕೆ ಕೊಡುವ ನಕ್ಷೆ ನಿಜ ಹೇಳಲಿ

ಮಾನ್ಯ ಸಂಪಾದಕರೇ,

ಕೊಡಗಿನ ಸುಂಟಿಕೊಪ್ಪದಲ್ಲಿ ಮನೆ, ಹೋಂಸ್ಟೇ, ಕಲ್ಯಾಣ ಮಂಟಪಗಳ ನಕ್ಷೆ ಬರೆದು ಜೀವನ ಸಾಗಿಸುವವನು ನಾನು. ಈಚೆಗೆ ರೆಸಾರ್ಟ್ ಒಂದರ ಮಾಲೀಕರು ತಮ್ಮ ಅಗ್ನಿ ಸುರಕ್ಷತಾ ಕಡತವನ್ನು ತಂದು, ಒಂದು ಸಹಿ ಹಾಕಿಕೊಡಿ ಎಂದರು. ಅವರ ಕಾಟೇಜುಗಳು ಒಂದೇ ಅಂತಸ್ತಿನವು, ಹಂಚಿನ ಮಾಡಿನವು, ಕಾಫಿ ತೋಟದ ಇಳಿಜಾರಿನಲ್ಲಿ ಅಲ್ಲೊಂದು ಇಲ್ಲೊಂದು ಚದುರಿಕೊಂಡಿವೆ. ಕಡತದೊಳಗಿನ ನಕ್ಷೆಯಲ್ಲಾದರೋ ಎರಡು ಲಿಫ್ಟ್‌ಗಳಿದ್ದವು, ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ಜಾಗವಿತ್ತು! ಯಾವುದೋ ಊರಿನ ಅಪಾರ್ಟ್‌ಮೆಂಟಿನ ಕಡತಕ್ಕೆ ಮುಖಪುಟ ಮಾತ್ರ ಹೊಸದಾಗಿ ಹಚ್ಚಿದ್ದರು. ನಾನು ಸಹಿ ಹಾಕಲಿಲ್ಲ. ಹಾಕುವವರು ಬೇರೆ ಯಾರಾದರೂ ಸಿಕ್ಕಿರುತ್ತಾರೆ, ಆ ಬಗ್ಗೆ ನನಗೆ ಅನುಮಾನವಿಲ್ಲ.

ಇಂಥ ಕಾಗದಗಳನ್ನು ಓದುವವರು ಯಾರು ಎಂಬುದನ್ನೇ ನಾವು ಮರೆತಿದ್ದೇವೆ. ಕಚೇರಿಯ ಗುಮಾಸ್ತರು ಓದಿ ಮುದ್ರೆ ಒತ್ತಿದರೆ ಕೆಲಸ ಮುಗಿಯಿತು ಎಂದುಕೊಂಡಿದ್ದೇವೆ. ನಿಜವಾಗಿ ಅದನ್ನು ಓದಬೇಕಾದವರು, ರಾತ್ರಿ ಹೊತ್ತಿನಲ್ಲಿ ಪರಿಚಯವೇ ಇಲ್ಲದ ತೋಟದ ಗೇಟಿನ ಮುಂದೆ ವಾಹನ ನಿಲ್ಲಿಸಿ ಯಾವ ಕಡೆಯಿಂದ ಒಳಗೆ ನುಗ್ಗಬೇಕೆಂದು ಹುಡುಕುವ ಸಿಬ್ಬಂದಿ.

ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೆಯ ಭಾಗ ಪೂರ್ತಿ ಅಗ್ನಿ ಮತ್ತು ಜೀವ ಸುರಕ್ಷತೆಗೇ ಮೀಸಲು. ಅದು 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡಗಳನ್ನು ಬಹುಮಹಡಿ ಎಂದು ಪರಿಗಣಿಸುತ್ತದೆ. ಕೊಡಗಿನಲ್ಲಿ ಅಂಥವು ಅಪರೂಪ. ಹಾಗಾಗಿ ನಮ್ಮವರ ಉತ್ತರ ಸಿದ್ಧವಾಗಿರುತ್ತದೆ: ‘ನಮಗ್ಯಾಕೆ ಅದೆಲ್ಲ, ನಮ್ಮದು ಹಂಚಿನ ಮನೆ.’ 2004ರ ಜುಲೈ 16ರಂದು ಕುಂಭಕೋಣಂನ ಶಾಲೆಯಲ್ಲಿ 94 ಮಕ್ಕಳು ಸುಟ್ಟು ಸತ್ತದ್ದು ಗಗನಚುಂಬಿ ಕಟ್ಟಡದಲ್ಲಲ್ಲ. ಅಡುಗೆಮನೆಯ ಕಿಡಿ ಗರಿಯ ಮಾಡಿಗೆ ಹತ್ತಿತು, ಇಕ್ಕಟ್ಟಿನ ದಾರಿಯಲ್ಲಿ ಮಕ್ಕಳಿಗೆ ಹೊರಬರಲಾಗಲಿಲ್ಲ. ಹಳೆಯ ಮರದ ಅಟ್ಟ, ಅದರ ಮೇಲೆ ಗೋಣಿ ಚೀಲ, ಕೆಳಗೆ ಬಚ್ಚಲೊಲೆ, ಪಕ್ಕದಲ್ಲೇ ಒಣಸೌದೆಯ ರಾಶಿ ಇರುವ ನಮ್ಮ ಮನೆಗಳು ಅದಕ್ಕಿಂತ ಸುರಕ್ಷಿತ ಎಂದು ಯಾರು ಹೇಳಿದರು?

ಹಾಗಾದರೆ ಕಾಗದದಲ್ಲಿ ಏನಿರಬೇಕು? ನೂರು ಪುಟ ಬೇಡ. ಎರಡು ಹಾಳೆ ಸಾಕು, ಆದರೆ ಅವು ಆ ಜಾಗದ್ದೇ ಆಗಿರಬೇಕು. ನಮ್ಮ ತೋಟದ ಮನೆಗಳಿಗೆ ಸಂಖ್ಯೆಗಿಂತ ಹೆಸರೇ ಗುರುತು. ಒಂದೇ ಮನೆತನದ ಹೆಸರಿನ ಫಲಕ ಮೂರು ತಿರುವುಗಳಲ್ಲಿ ಇರುತ್ತದೆ. ಆದ್ದರಿಂದ ಮುಖ್ಯರಸ್ತೆ ಬಿಟ್ಟಲ್ಲಿಂದ ಗೇಟಿನವರೆಗಿನ ದಾರಿ, ನಡುವೆ ಬರುವ ಮೋರಿ ಭಾರದ ವಾಹನವನ್ನು ತಾಳಿಕೊಳ್ಳುತ್ತದೆಯೇ, ಸ್ವಾಗತ ಕಮಾನಿನ ಎತ್ತರ ಎಷ್ಟು, ದೊಡ್ಡ ವಾಹನ ತಿರುಗಿಸಲು ಕಾಫಿ ಕಣವನ್ನು ಬಳಸಬಹುದೇ, ಬೀಗದ ಕೈ ಯಾರ ಬಳಿ ಇದೆ, ಇವಿಷ್ಟು ಮೊದಲ ಹಾಳೆಯಲ್ಲಿ ಇರಲಿ. ಮೊಬೈಲ್ ನಕ್ಷೆಯನ್ನು ನಂಬಿ ಕೂರಲಾಗದು. ಮಳೆಗಾಲದಲ್ಲಿ ಕರೆಂಟಿನ ಹಿಂದೆಯೇ ನೆಟ್‌ವರ್ಕ್ ಕೂಡ ಹೋಗುತ್ತದೆ.

ನೀರಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಗ್ನಿಶಾಮಕ ವಾಹನವೊಂದು ಸುಮಾರು 4,500 ಲೀಟರ್ ನೀರು ಹೊತ್ತು ತರುತ್ತದೆ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 450 ಲೀಟರ್‌ನಂತೆ ಒಂದೇ ಪೈಪಿನಲ್ಲಿ ಹಾಯಿಸಿದರೂ ಹತ್ತು ನಿಮಿಷಕ್ಕೆ ಅದು ಖಾಲಿ. ಮಡಿಕೇರಿಯಿಂದ ಭಾಗಮಂಡಲಕ್ಕೆ 30 ಕಿಲೋಮೀಟರ್‌ಗೂ ಹೆಚ್ಚು ದೂರವಿರುವಾಗ ಮರಳಿ ಹೋಗಿ ತುಂಬಿಸಿಕೊಂಡು ಬರುವ ಮಾತು ನಗೆಪಾಟಲು. ತೋಟಗಳಲ್ಲಿ ಕೆರೆ ಇದೆ, ಪಂಪ್ ಇದೆ, ಸ್ಪ್ರಿಂಕ್ಲರ್ ಪೈಪುಗಳೂ ಇವೆ. ಅವು ಎಲ್ಲಿವೆ ಎಂದು ಹೊರಗಿನವರಿಗೆ ತಿಳಿಯುವುದು ಹೇಗೆ? ಅಷ್ಟೇ ಅಲ್ಲ, ಪಂಪು ನೀರನ್ನು ಹೀರಿ ಮೇಲೆತ್ತುವುದಕ್ಕೂ ಮಿತಿಯಿದೆ. ನೀರಿನ ಮಟ್ಟ ಏಳೆಂಟು ಮೀಟರ್‌ಗಿಂತ ಕೆಳಗಿದ್ದರೆ ಮೇಲೆ ನಿಂತ ವಾಹನದ ಪಂಪು ಅದನ್ನು ಎಳೆಯಲಾರದು. ಕಕ್ಕಡದ ಮಳೆ ತಿಂಗಳಲ್ಲಿ ತುಂಬಿ ತುಳುಕುವ ಕೆರೆ, ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟು ತೋಟಕ್ಕೆ ನೀರು ಹಾಯಿಸಿದ ಮೇಲೆ ಮಾರ್ಚ್‌ನಲ್ಲಿ ತಳ ಕಂಡಿರುತ್ತದೆ. ಬೆಂಕಿಯ ಭಯ ಹೆಚ್ಚಿರುವುದೂ ಆಗಲೇ. ಆದ್ದರಿಂದ ಕೆರೆಯ ಬೇಸಿಗೆ ಮಟ್ಟವನ್ನೇ ಅಳೆದು ಬರೆಯಿರಿ, ಮಳೆಗಾಲದ ಮಟ್ಟದಿಂದ ಯಾರಿಗೂ ಉಪಯೋಗವಿಲ್ಲ.

ಮನೆಯ ನಕ್ಷೆಯಲ್ಲಿ ಮೇನ್ ಸ್ವಿಚ್, ಜನರೇಟರ್, ಇನ್ವರ್ಟರ್ ಬ್ಯಾಟರಿ, ಗ್ಯಾಸ್ ಸಿಲಿಂಡರ್ ಇಡುವ ಜಾಗ, ಡೀಸೆಲ್ ಮತ್ತು ಗೊಬ್ಬರದ ಗೋದಾಮು ಕಾಣಬೇಕು. ಮಾಡಿನ ಮೇಲೆ ಸೌರ ಫಲಕ ಹಾಕಿಸಿದವರು ಒಂದು ಸಂಗತಿ ತಿಳಿದಿರಲಿ: ಮೇನ್ ಸ್ವಿಚ್ ಆರಿಸಿದರೂ ಬಿಸಿಲಿರುವಷ್ಟು ಹೊತ್ತು ಫಲಕದಿಂದ ಇನ್ವರ್ಟರ್‌ವರೆಗಿನ ತಂತಿಯಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಹಂಚು ತೆಗೆದು ನೀರು ಹಾಯಿಸಲು ಹತ್ತಿದವನಿಗೆ ಆ ತಂತಿ ಎಲ್ಲಿ ಹಾದಿದೆ ಎಂದು ಗೊತ್ತಿರಬೇಡವೇ?

ಇನ್ನು ಕೋವಿಯ ಮಾತು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇರುವ ಜಿಲ್ಲೆ ಇದು. ಅನೇಕ ಮನೆಗಳಲ್ಲಿ ಕೋವಿ ಇದೆ, ತೋಟಾ ಇದೆ. ಬೆಂಕಿಗೆ ಸಿಕ್ಕಿದ ತೋಟಾ ಸಿಡಿಯುತ್ತದೆ. ಅದನ್ನು ಇಟ್ಟಿರುವ ಕೋಣೆ ಯಾವುದೆಂದು ಸಿಬ್ಬಂದಿಗೆ ತಿಳಿದಿರಬೇಕು. ಆದರೆ ಆ ವಿವರವನ್ನು ಗೇಟಿನ ಬಳಿಯ ಪೆಟ್ಟಿಗೆಯಲ್ಲಿಟ್ಟರೆ ಕಳ್ಳನಿಗೆ ದಾರಿ ತೋರಿಸಿದಂತಾಗುತ್ತದೆ. ಹಾಗಾಗಿ ದಾರಿ, ನೀರು, ವಿದ್ಯುತ್ತಿನ ಹಾಳೆ ಗೇಟಿನ ಬಳಿ ಇರಲಿ. ಕೋವಿ, ಒಂಟಿಯಾಗಿರುವ ವೃದ್ಧರು, ಹಾಸಿಗೆ ಹಿಡಿದವರು ಮಲಗುವ ಕೋಣೆ, ಇವುಗಳ ವಿವರ ಮೊಹರು ಮಾಡಿದ ಲಕೋಟೆಯಲ್ಲಿ ಅಗ್ನಿಶಾಮಕ ಠಾಣೆಯಲ್ಲಿ ಮಾತ್ರ ಇರಲಿ.

ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳನ್ನು ಹೆಚ್ಚಿನ ಮಾಲೀಕರು ನಕ್ಷೆಯಲ್ಲಿ ತೋರಿಸುವುದೇ ಇಲ್ಲ. ಕಾಫಿ ಕುಯ್ಲಿನ ಸಮಯದಲ್ಲಿ ಹೊರ ರಾಜ್ಯಗಳಿಂದ ಬಂದ ಕುಟುಂಬಗಳು ಅಲ್ಲಿ ತುಂಬಿರುತ್ತವೆ. ಅವರು ಎಷ್ಟು ಜನ ಎಂದು ಬರೆದಿಡಲು ತೋಟದ ಲೆಕ್ಕ ಬರೆಯುವ ರೈಟರಿಗೆ ಐದು ನಿಮಿಷವೂ ಬೇಡ.

ಈಗ ಎಲ್ಲರೂ ಪಿಸುಗುಟ್ಟುವ, ಯಾರೂ ಬರೆಯದ ವಿಷಯಕ್ಕೆ ಬರುತ್ತೇನೆ. ಪಂಚಾಯಿತಿ ಮಂಜೂರು ಮಾಡಿದ ನಕ್ಷೆಯಲ್ಲಿ ಮೂರು ಕೋಣೆ, ನೆಲದ ಮೇಲೆ ಐದು. ಹಿಂದಿನ ವರಾಂಡಕ್ಕೆ ಗೋಡೆ ಎಬ್ಬಿಸಿ ಕೋಣೆ ಮಾಡಿದ್ದಾರೆ, ಅಟ್ಟಕ್ಕೆ ಕಬ್ಬಿಣದ ಏಣಿ ಇಟ್ಟು ಹಾಸಿಗೆ ಹಾಸಿದ್ದಾರೆ. ತೆರಿಗೆ, ದಂಡಗಳಿಗೆ ಹೆದರುವ ಮಾಲೀಕರು ಸುರಕ್ಷತಾ ಕಾಗದಕ್ಕೂ ಮೂರು ಕೋಣೆಯ ಹಳೆಯ ನಕ್ಷೆಯನ್ನೇ ಲಗತ್ತಿಸುತ್ತಾರೆ. ಹೊಗೆಯಲ್ಲಿ ಕಣ್ಣು ಕಾಣದೆ ಗೋಡೆ ತಡವುತ್ತಾ ಹೋಗುವ ಸಿಬ್ಬಂದಿ ಆ ಮೂರು ಕೋಣೆ ಹುಡುಕಿ, ಎಲ್ಲರೂ ಹೊರಬಂದರು ಎಂದುಕೊಂಡು ಹಿಂದಿರುಗಿದರೆ? ಅಟ್ಟದಲ್ಲಿ ಮಲಗಿದ್ದ ಪ್ರವಾಸಿಯ ಗತಿಯೇನು?

ಆದ್ದರಿಂದ ಜಿಲ್ಲಾಡಳಿತಕ್ಕೆ ನನ್ನ ಬೇಡಿಕೆ ಹೀಗಿದೆ. ಅಗ್ನಿಶಾಮಕ ಮತ್ತು ತುರ್ತು ಸೇವೆಗೆ ಕೊಡುವ ನಕ್ಷೆಯನ್ನು ತೆರಿಗೆಗಾಗಲಿ ಅಕ್ರಮ ಕಟ್ಟಡದ ಪ್ರಕರಣಕ್ಕಾಗಲಿ ಸಾಕ್ಷಿಯಾಗಿ ಬಳಸುವುದಿಲ್ಲ ಎಂದು ಲಿಖಿತವಾಗಿ ಹೇಳಿ. ಅಕ್ರಮವನ್ನು ಹಿಡಿಯಲು ಪಂಚಾಯಿತಿಗೆ ಬೇರೆ ದಾರಿಗಳಿವೆ, ಅವರು ಸ್ಥಳಕ್ಕೆ ಬಂದು ಅಳೆಯಲಿ. ನನ್ನ ವೃತ್ತಿಯವರೇ ಕೆಲವರು ಇದನ್ನು ಒಪ್ಪುವುದಿಲ್ಲ, ಅಕ್ರಮಕ್ಕೆ ರಕ್ಷಣೆ ಕೊಟ್ಟಂತಾಗುತ್ತದೆ ಎನ್ನುತ್ತಾರೆ. ಅವರ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೂ ದಂಡ ಬಾಕಿಯಿರುವ ಕೋಣೆಯಲ್ಲಿ ಮಲಗಿರುವವನೂ ಮನುಷ್ಯನೇ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ, ಯಾವ ಮನೆಯಲ್ಲಿ ಎಷ್ಟು ಜನ, ರಸ್ತೆ ಹೋದರೆ ಯಾವ ತೋಟದೊಳಗಿಂದ ನಡೆದು ತಲುಪಬಹುದು ಎಂಬ ಮಾಹಿತಿಗೆ ಎಷ್ಟು ಬೆಲೆ ಎಂಬುದು ನಮಗೆಲ್ಲ ಗೊತ್ತಾಗಿದೆ. ಅದೇ ಹಾಳೆಯಲ್ಲಿ ಮನೆಯ ಹಿಂದಿನ ಬರೆ (ಗುಡ್ಡ ಕಡಿದ ಮಣ್ಣಿನ ಗೋಡೆ) ಎಷ್ಟು ಎತ್ತರ, ಅದಕ್ಕೂ ಗೋಡೆಗೂ ನಡುವೆ ಎಷ್ಟು ಅಡಿ, ಒಳದಾರಿ ಎಲ್ಲಿದೆ ಎಂದು ಸೇರಿಸಿದರೆ ಬೆಂಕಿಗೂ ಬರೆ ಕುಸಿತಕ್ಕೂ ಒಂದೇ ದಾಖಲೆ ಸಾಕಾಗುತ್ತದೆ.

ಇದಕ್ಕೆ ನನ್ನಂಥವರಿಗೆ ದುಡ್ಡು ಕೊಡಬೇಕಾಗಿಯೂ ಇಲ್ಲ. ಚೌಕುಳಿ ಕಾಗದದಲ್ಲಿ ಮನೆಯವರೇ ಬರೆಯಬಹುದು, ಉತ್ತರ ದಿಕ್ಕನ್ನು ಗುರುತಿಸಿದರೆ ಸಾಕು. ಹೋಂಸ್ಟೇ ನೋಂದಣಿ ನವೀಕರಿಸುವಾಗ ಪ್ರವಾಸೋದ್ಯಮ ಇಲಾಖೆ ಈ ಎರಡು ಹಾಳೆಗಳನ್ನು ಕೇಳಲಿ. ಠಾಣೆಯವರು ಒಮ್ಮೆ ಬಂದು, ಹಾಳೆ ಕೈಯಲ್ಲಿ ಹಿಡಿದು ಗೇಟಿನಿಂದ ಕೆರೆಯವರೆಗೆ ನಡೆದು ನೋಡಿದ ಮೇಲಷ್ಟೇ ಮುದ್ರೆ ಬೀಳಲಿ.

ಇತಿ,
ಒಬ್ಬ ಕಟ್ಟಡ ನಕ್ಷೆಗಾರ
ಸುಂಟಿಕೊಪ್ಪ, ಕೊಡಗು