ರಕ್ತಪರೀಕ್ಷೆಯ ದಿನಾಂಕವನ್ನೂ ಬರೆದುಕೊಡಿ

ಮಾನ್ಯ ಸಂಪಾದಕರೇ,

ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಜಾಹೀರಾತುಗಳಲ್ಲಿ ‘ಮೊದಲು’, ‘ನಂತರ’ ಎಂದು ಎರಡು ಚಿತ್ರಗಳಿರುತ್ತವೆ. ನೋಡುವವರ ಕಣ್ಣೆಲ್ಲ ಸೊಂಟದ ಮೇಲೆ. ನನ್ನ ದೂರು ನೆತ್ತಿಯದು.

ಜಠರವನ್ನು ಕತ್ತರಿಸಿ ಕಿರಿದಾಗಿಸುವ ಸ್ಲೀವ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಎರಡು ವರ್ಷವಾಯಿತು. ಜಠರದ ಮುಕ್ಕಾಲು ಭಾಗ ಹೋಯಿತು, 31 ಕಿಲೋ ಇಳಿಯಿತು, ಮಂಡಿನೋವೂ ಹೋಯಿತು. ಮಾಡಿಸಿಕೊಂಡದ್ದಕ್ಕೆ ಪಶ್ಚಾತ್ತಾಪವಿಲ್ಲ. ನಾಲ್ಕನೇ ತಿಂಗಳಲ್ಲಿ ಕೂದಲು ಉದುರತೊಡಗಿತು. ದಿನಕ್ಕೆ ನೂರರವರೆಗೆ ಉದುರುವುದು ಸಹಜವಂತೆ. ಗಣಿತ ಕಲಿಸಿದವಳಾದ್ದರಿಂದ ಕುಳಿತು ಎಣಿಸಿದೆ, ಇನ್ನೂರು ದಾಟಿದ ಮೇಲೆ ಬಿಟ್ಟುಬಿಟ್ಟೆ. ‘ತಾನಾಗಿಯೇ ನಿಲ್ಲುತ್ತದೆ’ ಎಂದರು ವೈದ್ಯರು. ಆ ಹೊತ್ತಿಗೆ ಅದು ಸರಿಯಾದ ಮಾತೇ. ದೇಹಕ್ಕೆ ಪೆಟ್ಟು ಬಿದ್ದು ತೂಕ ಸರ್ರನೆ ಇಳಿದಾಗ ರಾಶಿ ಕೂದಲು ಒಮ್ಮೆಗೇ ಬೆಳವಣಿಗೆ ನಿಲ್ಲಿಸುತ್ತದೆ, ಸುಮಾರು ಮೂರು ತಿಂಗಳ ನಂತರ ಉದುರುತ್ತದೆ. ಬೇರು ಸಾಯುವುದಿಲ್ಲವಾದ್ದರಿಂದ ಮತ್ತೆ ಬರುತ್ತದೆ.

ನನಗೆ ವರ್ಷ ಕಳೆದರೂ ನಿಲ್ಲಲಿಲ್ಲ. ಆಗಲೂ ಅದೇ ಮಾತು, ಜೊತೆಗೆ ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ನಿನ ಒಂದು ಮಾತ್ರೆ. (ಹೆಚ್ಚಿನ ಪ್ರಮಾಣದ ಬಯೋಟಿನ್, ಕೂದಲು ಉದುರುವಾಗ ಮಾಡಿಸುವ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ದಾರಿ ತಪ್ಪಿಸಬಲ್ಲದು ಎಂಬುದನ್ನು ಆಮೇಲೆ ತಿಳಿದೆ.) ಹಿಮೋಗ್ಲೋಬಿನ್ ಪರವಾಗಿಲ್ಲ ಎಂದು ನಾನೂ ಸುಮ್ಮನಿದ್ದೆ. ಪಾದಗಳು ಜುಮುಗುಡತೊಡಗಿದಾಗ ಇನ್ನೊಬ್ಬ ವೈದ್ಯೆ ಫೆರಿಟಿನ್, ಅಂದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಪರೀಕ್ಷೆ ಮಾಡಿಸಿದರು: ಬರೀ 7, ತೀರಾ ಕಡಿಮೆ. ವಿಟಮಿನ್ ಬಿ12 ಕೂಡ ತಳ ಕಂಡಿತ್ತು. ರಕ್ತ ಕಡಿಮೆಯಾಗುವ ಮೊದಲೇ ಕಬ್ಬಿಣದ ಉಗ್ರಾಣ ಬರಿದಾಗುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಬಿ12 ಹೀರಿಕೊಳ್ಳಲು ಬೇಕಾದ ಅಂಶವನ್ನು ತಯಾರಿಸುವುದು ಜಠರವೇ; ಅದನ್ನೇ ಕತ್ತರಿಸಿದ ಮೇಲೆ ಕೊರತೆ ಬರುವುದರಲ್ಲಿ ಸೋಜಿಗವೇನಿದೆ?

ನನ್ನ ತಪ್ಪೂ ಇದೆ. ಆರೋಗ್ಯವಾಗಿದ್ದೇನೆಂದು ಆರನೇ ತಿಂಗಳಿಗೇ ವಿಟಮಿನ್ ಮಾತ್ರೆ ಬಿಟ್ಟಿದ್ದೆ. ಅವು ಜೀವನಪರ್ಯಂತ ಬೇಕು. ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ಒಂದೇ ಗುಟುಕಿನಲ್ಲಿ ನುಂಗುತ್ತಿದ್ದೆ. ಎರಡು ಗಂಟೆಯಾದರೂ ಅಂತರವಿರಬೇಕು. ದಿನಕ್ಕೆ 60 ಗ್ರಾಂ ಪ್ರೋಟೀನ್ ಎಂದಿದ್ದರು, ಆ ಪುಡಿಯ ವಾಸನೆಗೇ ಹೇಸಿ ಅರ್ಧಕ್ಕೆ ನಿಲ್ಲಿಸಿದೆ.

ಆದರೂ ಒಂದು ಪ್ರಶ್ನೆ. ಬಿಡುಗಡೆಯ ದಿನ ಕೈಗಿತ್ತ ಹಾಳೆಯಲ್ಲಿ ಹೊಲಿಗೆ ಬಿಚ್ಚುವ ದಿನಾಂಕವಿತ್ತು. ಮೂರು, ಆರು, ಹನ್ನೆರಡನೇ ತಿಂಗಳುಗಳಲ್ಲಿ, ಆಮೇಲೆ ಪ್ರತಿವರ್ಷ ಮಾಡಿಸಬೇಕಾದ ರಕ್ತಪರೀಕ್ಷೆಯ ಮಾತೇ ಇರಲಿಲ್ಲ. ಅದೇ ಹಾಳೆಯ ಕೆಳಗೆ ನಾಲ್ಕು ಸಾಲು ಬರೆಯುವಷ್ಟು ಜಾಗ ಖಾಲಿ ಉಳಿದಿತ್ತು.

— ಒಬ್ಬ ನಿವೃತ್ತ ಗಣಿತ ಶಿಕ್ಷಕಿ