ಕೊನೆಯ ದಿನಾಂಕ ನೆನಪಿಸಿದವರಿಗೆ

ಬಿ.ಎಸ್ಸಿ. ಮುಗಿಯಿತು. ಆರನೇ ಸೆಮಿಸ್ಟರ್ ಫಲಿತಾಂಶ ಬಂದು, ಎಂ.ಎಸ್ಸಿ. ರಸಾಯನಶಾಸ್ತ್ರಕ್ಕೆ ಸೀಟೂ ಆಗಿದೆ. ಊರಲ್ಲಿ ಸಿಕ್ಕವರೆಲ್ಲ "ಓದೋ ಹುಡುಗಿ ಬಿಡು, ಆಗೇ ಆಗುತ್ತೆ ಅಂತ ಗೊತ್ತಿತ್ತು" ಅನ್ನುತ್ತಾರೆ. ಯಾರಿಗೂ ಗೊತ್ತಿರಲಿಲ್ಲ. ಎರಡನೇ ವರ್ಷದಲ್ಲಿ ನಾನು ಕಾಲೇಜು ಬಿಡುವುದು ಹೆಚ್ಚುಕಡಿಮೆ ನಿಕ್ಕಿಯಾಗಿತ್ತು. ಬಿಡದ ಹಾಗೆ ನೋಡಿಕೊಂಡವರು ಕೆಲವರಿದ್ದಾರೆ. ಹೆಸರು ಹಾಕಬೇಡ ಅಂತ ಅವರೇ ಹೇಳಿದ್ದಾರೆ, ಹಾಕುವುದಿಲ್ಲ. ಅವರು ಮಾಡಿದ್ದನ್ನಾದರೂ ಬರೆಯುತ್ತೇನೆ.

ನಮ್ಮದು 2021ರ ಬ್ಯಾಚ್. ಕೋವಿಡ್‌ನಿಂದ ಆ ವರ್ಷ ದ್ವಿತೀಯ ಪಿಯುಸಿ ಪರೀಕ್ಷೆಯೇ ನಡೆಯಲಿಲ್ಲ. ಎಸ್‌ಎಸ್‌ಎಲ್‌ಸಿಗೆ ಶೇಕಡಾ 45, ಪ್ರಥಮ ಪಿಯುಸಿಗೆ 45, ಕಾಲೇಜಿನ ಆಂತರಿಕ ಅಂಕಕ್ಕೆ 10 ಅಂತ ಲೆಕ್ಕ ಹಾಕಿ ಫಲಿತಾಂಶ ಕೊಟ್ಟರು. ಚಳ್ಳಕೆರೆ ಕಡೆಯ ನಮ್ಮ ಹಳ್ಳಿಯಲ್ಲಿ ಆನ್‌ಲೈನ್ ಕ್ಲಾಸಿಗೆ ಸಿಗ್ನಲ್ ಸಿಗುತ್ತಿದ್ದುದು ಶೇಂಗಾ ಹೊಲದ ಬದುವಿನ ಮೇಲೆ ಮಾತ್ರ. ಲ್ಯಾಬ್ ಪಾಠವೆಲ್ಲ ಬಹುಪಾಲು ಫೋನಿನಲ್ಲೇ ಮುಗಿದುಹೋಯಿತು.

ಹಾಗೆ ಬಂದು ಚಿತ್ರದುರ್ಗದ ಒಂದು ಸರ್ಕಾರಿ ಕಾಲೇಜಿಗೆ ಸೇರಿದರೆ ಅಲ್ಲಿ ಎನ್‌ಇಪಿ, ಅಂದರೆ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ, ಶುರುವಾಗಿತ್ತು. ಕರ್ನಾಟಕದಲ್ಲಿ ನಾವೇ ಅದರ ಮೊದಲ ಬ್ಯಾಚ್. ಮೂರು ಮೇಜರ್ ಬದಲು ಎರಡೇ ವಿಷಯ. ಜೊತೆಗೆ ಓಪನ್ ಎಲೆಕ್ಟಿವ್, ಡಿಜಿಟಲ್ ಫ್ಲೂಯೆನ್ಸಿ, ಕ್ರೆಡಿಟ್ಟು, ಎಸ್‌ಜಿಪಿಎ. ಒಂದು ವರ್ಷಕ್ಕೆ ನಿಲ್ಲಿಸಿದರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕಕ್ಕೆ ಹಾನರ್ಸ್. ಯಾರನ್ನು ಕೇಳುವುದು? ಮನೆಯಲ್ಲಿ ಡಿಗ್ರಿಯ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಸೀನಿಯರ್ ಅಕ್ಕಂದಿರು ಪಾಪ ಹೇಳಲು ಬರುತ್ತಿದ್ದರು, ಆದರೆ ಅವರದ್ದು ಹಳೇ ಸಿಲಬಸ್. ಅವರು ಹೇಳಿದ್ದು ನಮಗೆ ಹೊಂದುತ್ತಿರಲಿಲ್ಲ.

ಆಗ ಸಿಕ್ಕವರು ನಮ್ಮ ಕೆಮಿಸ್ಟ್ರಿ ಮೇಡಂ. ನಮ್ಮ ಗುಂಪಿಗೆ ಮೆಂಟರ್ ಅಂತ ಅವರ ಹೆಸರು ನೋಟಿಸ್ ಬೋರ್ಡಿನಲ್ಲಿತ್ತು.

ಮೆಂಟರ್ ಅಂದರೆ ಎಷ್ಟೋ ಕಡೆ ಏನು ನಡೆಯುತ್ತದೆ ಅಂತ ಓದಿದವರಿಗೆಲ್ಲ ಗೊತ್ತು. ಒಂದು ಪುಸ್ತಕ. ಅದರಲ್ಲಿ ಫೋಟೋ, ವಿಳಾಸ, ರಕ್ತದ ಗುಂಪು, ಕೆಳಗೆ ಸಹಿ. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುವ ಮುಂಚೆ ಬಾಕಿ ಸಹಿಗಳನ್ನೆಲ್ಲ ಒಟ್ಟಿಗೆ ಹಾಕಿಸಿಕೊಳ್ಳುತ್ತಾರೆ. ಮೇಡಂ ಕೂಡ ಸಹಿ ಹಾಕಿಸಿಕೊಂಡರು. ಆದರೆ ಅದರ ಪಕ್ಕದಲ್ಲಿ ತಮ್ಮದೇ ಒಂದು ನೋಟ್‌ಬುಕ್ ಇಟ್ಟಿದ್ದರು, ಹಾಲಿನ ಲೆಕ್ಕದ ಪುಸ್ತಕದ ಹಾಗೆ. ಒಬ್ಬೊಬ್ಬರಿಗೆ ಒಂದೊಂದು ಪುಟ. ಯಾರದ್ದು ಸ್ಕಾಲರ್‌ಶಿಪ್ ಅರ್ಜಿ ಬಾಕಿ, ಯಾರು ಹಾಸ್ಟೆಲ್ ಸಿಗದೆ ರೂಮಿನಲ್ಲಿದ್ದಾರೆ, ಯಾರ ಅಪ್ಪ ಮದುವೆ ಮಾತು ತೆಗೆದಿದ್ದಾರೆ, ಎಲ್ಲ ಅದರಲ್ಲಿತ್ತು. ಪರೀಕ್ಷಾ ಫೀಸಿನ ಕೊನೆಯ ದಿನ, ಎಸ್‌ಎಸ್‌ಪಿ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ಕೊನೆಯ ದಿನ, ಮರುಮೌಲ್ಯಮಾಪನದ ಕೊನೆಯ ದಿನ, ಇವನ್ನು ಕೆಂಪು ಪೆನ್ನಿನಲ್ಲಿ ಬರೆಯುತ್ತಿದ್ದರು. ಕಾರಿಡಾರಿನಲ್ಲಿ ಸಿಕ್ಕರೆ "ಚೆನ್ನಾಗಿದ್ದೀಯಾ" ಅಂತ ಕೇಳುತ್ತಿರಲಿಲ್ಲ. "ಹಾಕಿದ್ಯಾ?" ಅಂತ ಕೇಳುತ್ತಿದ್ದರು.

ನನಗೆ ಮೊದಲ ವರ್ಷ ಹಾಸ್ಟೆಲ್ ಸೀಟು ಸಿಗಲಿಲ್ಲ. ನಾಲ್ಕು ಜನ ಹುಡುಗಿಯರು ಸೇರಿ ಒಂದು ರೂಮು ಮಾಡಿದೆವು. ಬಾಡಿಗೆ ಹೇಗೆ ಕಟ್ಟುವುದು ಅಂತ ಕೂತಿದ್ದಾಗ ವಿದ್ಯಾಸಿರಿ ಅಂತ ಒಂದಿದೆ, ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುತ್ತಾರೆ ಅಂತ ಹೇಳಿದವರು ಮೇಡಂ. ಹೇಳಿ ಸುಮ್ಮನಾಗಲಿಲ್ಲ. ಆಫೀಸಿನ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಸರ್ ಹತ್ತಿರ ಕರೆದುಕೊಂಡು ಹೋಗಿ ಕೂರಿಸಿದರು.

ಈ ಎಸ್‌ಡಿಎ ಸರ್ ಬಗ್ಗೆ ಬರೆಯಲೇಬೇಕು. ನೋಡಿದರೆ ಸಿಡುಕು ಮುಖ. ಕೇಳಿದ್ದಕ್ಕೆ ಒಂದೇ ಪದದ ಉತ್ತರ. ಆದರೆ ಎಸ್‌ಎಸ್‌ಪಿ ವಿಷಯದಲ್ಲಿ ಅವರಿಗೆ ಗೊತ್ತಿಲ್ಲದ್ದು ಇರಲಿಲ್ಲ. ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಹಾಕಬೇಕು. ದಾಖಲೆಗಳಿಗೆ ಇ-ದೃಢೀಕರಣ ಆಗಬೇಕು. ಹೆಸರು ಎಲ್ಲ ಕಡೆ ಒಂದೇ ಥರ ಇರಬೇಕು. ನನ್ನ ಇನಿಷಿಯಲ್ ಆಧಾರ್‌ನಲ್ಲಿ ಹಿಂದೆ, ಅಂಕಪಟ್ಟಿಯಲ್ಲಿ ಮುಂದೆ! ಅದನ್ನು ನೋಡಿದ ಕೂಡಲೇ "ಮೊದಲು ಇದನ್ನ ಸರಿ ಮಾಡಿಸು, ಆಮೇಲೆ ಬಾ" ಅಂದರು. ಸರಿ ಮಾಡಿಸಿ ಅರ್ಜಿ ಹಾಕಿದೆ. ಮಂಜೂರಾಯಿತು ಅಂತ ಮೆಸೇಜೂ ಬಂತು. ದುಡ್ಡು ಮಾತ್ರ ಬರಲಿಲ್ಲ. ಬ್ಯಾಂಕಿನಲ್ಲಿ ಆ ಕೌಂಟರ್, ಈ ಕೌಂಟರ್ ಅಂತ ಸುತ್ತಿಸಿದರು. "ನಿಮ್ಮ ಆಧಾರ್ ಲಿಂಕ್ ಆಗಿದೆ" ಅನ್ನುವುದೊಂದೇ ಉತ್ತರ. ಲಿಂಕ್ ಆಗಿತ್ತು ನಿಜ, ಆದರೆ ಯಾವ ಖಾತೆಗೆ? ಒಬ್ಬರ ಹೆಸರಲ್ಲಿ ಎಷ್ಟೇ ಖಾತೆ ಇರಲಿ, ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಸಂಸ್ಥೆ) ಪಟ್ಟಿಯಲ್ಲಿ ಆಧಾರ್‌ಗೆ ಜೋಡಣೆಯಾಗಿರುವುದು ಒಂದೇ. ಸರ್ಕಾರದ ದುಡ್ಡು ಹೋಗುವುದು ಅಲ್ಲಿಗೇ. ಸ್ಕೂಲಿನಲ್ಲಿದ್ದಾಗ ತೆರೆದು ಎಲ್ಲರೂ ಮರೆತೇ ಹೋಗಿದ್ದ ಖಾತೆಗೆ ನನ್ನ ದುಡ್ಡು ಹೋಗಿ ಕೂತಿತ್ತು. ಅದನ್ನು ಹುಡುಕಿ ಕೊಟ್ಟವರು ಇದೇ ಸರ್, ಊಟದ ಬಿಡುವಿನಲ್ಲಿ. ಥ್ಯಾಂಕ್ಸ್ ಹೇಳಿದರೆ "ಹ್ಞೂಂ, ಮುಂದಿನವರನ್ನ ಕಳ್ಸು" ಅಂದರು.

ಎರಡನೇ ವರ್ಷದ ಮೂರನೇ ಸೆಮಿಸ್ಟರ್ ನಡೆಯುತ್ತಿರುವಾಗ ಅಪ್ಪನಿಗೆ ಲಕ್ವ ಹೊಡೆಯಿತು. ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದೆವು. ಅಮ್ಮನಿಗೆ ಓದು ಬರುವುದಿಲ್ಲ, ತಮ್ಮ ಚಿಕ್ಕವನು. ಚೀಟಿ ಹಿಡಿದು ಓಡಾಡುವ ಕೆಲಸ ನನ್ನದೇ ಆಯಿತು. ಕಾಲೇಜು ಮರೆತೇ ಹೋಯಿತು ಅನ್ನಬಹುದು. ಹಾಜರಿ 75 ಶೇಕಡಾ ಬೇಕು, ನನ್ನದು ಅದರ ಹತ್ತಿರವೂ ಇರಲಿಲ್ಲ. ಮಾವ ಬಂದು "ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ನಮ್ಮೋರಿದ್ದಾರೆ, ಸೇರಿಸೋಣ" ಅಂದರು. ಅವರದ್ದು ತಪ್ಪಲ್ಲ. ಮನೆಗೆ ದುಡ್ಡು ಬೇಕಿತ್ತು.

ಮೇಡಂ ಫೋನ್ ಮಾಡಿದ್ದು ಆಗ. ನನ್ನ ಜೊತೆ ಮಾತಾಡಿದ್ದು ಕಡಿಮೆ, ಅಮ್ಮನಿಗೆ ಫೋನ್ ಕೊಡು ಅಂದರು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು. "ನೋಡಿ ಅಮ್ಮ, ಬಿಡಿಸಬೇಡಿ ಅಂತ ಹೇಳೋಕೆ ನಾನ್ಯಾರು? ನಿಮ್ಮ ಕಷ್ಟ ನಿಮಗೆ. ಆದ್ರೆ ಪರೀಕ್ಷೆ ಫೀಸ್ ಮಾತ್ರ ಕಟ್ಟಿರ್ಲಿ. ಬರೀತಾಳೋ ಬಿಡ್ತಾಳೋ ಆಮೇಲೆ ನೋಡೋಣ. ಇವತ್ತು ಕಟ್ಟದಿದ್ರೆ ನಾಳೆ ಬರೀತೀನಿ ಅಂದ್ರೂ ಆಗಲ್ಲ." ಆಮೇಲೆ ಇನ್ನೊಂದು ಮಾತು ಹೇಳಿದರು. ನಿಲ್ಲಿಸಲೇಬೇಕು ಅಂದರೆ ಮಧ್ಯದಲ್ಲಿ ನಿಲ್ಲಿಸಬೇಡಿ, ನಾಲ್ಕನೇ ಸೆಮಿಸ್ಟರ್ ದಾಟಲಿ, ಡಿಪ್ಲೊಮಾ ಅಂತ ಒಂದು ಕೈಗೆ ಬರುತ್ತೆ, ಮುಂದೆ ವಾಪಸ್ ಬಂದು ಸೇರಲೂ ಅವಕಾಶ ಇದೆ. ಅಮ್ಮನಿಗೆ ಈ ಮಾತು ಹಿಡಿಸಿತು. ಆಣೆ ಪ್ರಮಾಣ ಇಲ್ಲ, ಒತ್ತಾಯ ಇಲ್ಲ. ಕೆಲವು ತಿಂಗಳ ಮಾತು ಅಷ್ಟೇ ಅನ್ನಿಸಿತು. ಆ ಕೆಲವು ತಿಂಗಳು ದಾಟಿದ ಮೇಲೆ ಬಿಡಿಸುವ ಮಾತನ್ನು ಯಾರೂ ಎತ್ತಲಿಲ್ಲ.

ಹಾಜರಿ ವಿಷಯಕ್ಕೆ ಅಪ್ಪನ ಡಿಸ್ಚಾರ್ಜ್ ಸಮ್ಮರಿ ಲಗತ್ತಿಸಿ ಪ್ರಿನ್ಸಿಪಾಲರಿಗೆ ಅರ್ಜಿ ಬರೆಸಿದರು. ಬಿಟ್ಟುಹೋದ ಪ್ರಯೋಗಗಳನ್ನು ಶನಿವಾರ ಮಧ್ಯಾಹ್ನ ಕೂರಿಸಿ ಮಾಡಿಸಿದರು. ಅಟೆಂಡರ್ ಅಣ್ಣ ನನಗೊಬ್ಬಳಿಗಾಗಿ ಲ್ಯಾಬಿನ ಬೀಗ ತೆಗೆದು ಕಾಯುತ್ತಿದ್ದರು. ಅವರಿಗೂ ನಮಸ್ಕಾರ. ಪ್ರಿನ್ಸಿಪಾಲ್ ಸರ್ ಕೂಡ ಅರ್ಜಿಯನ್ನು ಆ ಮೂಲೆಗೆ ಎಸೆಯದೆ ಅಂದೇ ಓದಿದರು.

ಆದರೂ ಆ ಸೆಮಿಸ್ಟರ್ ಒಂದು ಪೇಪರ್ ಹೋಯಿತು. ನನ್ನ ಸಿಟ್ಟು ನೆತ್ತಿಗೇರಿ ಮರುಮೌಲ್ಯಮಾಪನಕ್ಕೆ ಹಾಕುತ್ತೇನೆ ಅಂತ ಹೊರಟಿದ್ದೆ. ಮೇಡಂ ತಡೆದರು. "ಮೊದಲು ಉತ್ತರಪತ್ರಿಕೆ ಜೆರಾಕ್ಸ್ ತರಿಸ್ಕೋ. ಓದು. ಅಂಕ ಬಿಟ್ಟಿದ್ದಾರೆ ಅನ್ನಿಸಿದ್ರೆ ಮಾತ್ರ ದುಡ್ಡು ಹಾಕು." ತರಿಸಿ ಇಬ್ಬರೂ ಕೂತು ಓದಿದೆವು. ಥರ್ಮೋಡೈನಮಿಕ್ಸ್ ಲೆಕ್ಕಗಳು ಅರ್ಧಕ್ಕೇ ನಿಂತಿದ್ದವು. ಅಂಕ ಸರಿಯಾಗೇ ಇತ್ತು. ಮರುಮೌಲ್ಯಮಾಪನದ ದುಡ್ಡು ಉಳಿಯಿತು, ಯಾವ ಭಾಗ ಓದಬೇಕು ಅಂತಲೂ ಗೊತ್ತಾಯಿತು. ಮುಂದಿನ ಸಲ ಆ ಪೇಪರ್ ಪಾಸಾಯಿತು.

ಆ ದಿನಗಳಲ್ಲಿ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಲ್ಯಾಬ್ ಬಾಗಿಲಿಗೆ ಮೇಡಂ ಒಂದು ನಂಬರ್ ಅಂಟಿಸಿದ್ದರು, 14416. ಟೆಲಿಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾದ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ, ದುಡ್ಡು ಇಲ್ಲ, ಯಾವ ಹೊತ್ತಿಗೂ ಮಾಡಬಹುದು. ಹಾಸ್ಟೆಲ್ ಟೆರೇಸಿನಿಂದ ಒಂದು ರಾತ್ರಿ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ದೊಡ್ಡ ಬುದ್ಧಿಮಾತೇನೂ ಹೇಳಲಿಲ್ಲ. ಊಟ ಮಾಡಿದ್ದೀರಾ, ಎಷ್ಟು ದಿನದಿಂದ ನಿದ್ದೆ ಇಲ್ಲ, ಜೊತೆಗೆ ಯಾರಿದ್ದಾರೆ ಅಂತ ಕೇಳುತ್ತಾ ಹೋದರು. ಆ ಕಡೆ ಇದ್ದವರು ಯಾರೋ ಗೊತ್ತಿಲ್ಲ. ನಿಮಗೂ ಧನ್ಯವಾದ.

ಇನ್ನು ಮೇಡಂ ಬಗ್ಗೆ ಒಂದು ವಿಷಯ ಹೇಳಲಿಲ್ಲ. ಅವರು ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಹೊಸದಾಗಿ ಕೌನ್ಸೆಲಿಂಗ್, ಈ ಕಾಲೇಜೇ ಸಿಗುತ್ತೆ ಅನ್ನುವ ಖಾತ್ರಿ ಇಲ್ಲ. ವಾರಕ್ಕೆ 15 ಗಂಟೆ ಪಾಠದ ಲೆಕ್ಕ. ನನ್ನ ಅಮ್ಮನಿಗೆ ಮಾಡಿದ ಫೋನು, ಶನಿವಾರದ ಲ್ಯಾಬು, ಕೆಂಪು ಪೆನ್ನಿನ ನೋಟ್‌ಬುಕ್ಕು, ಇದ್ಯಾವುದೂ ಆ 15 ಗಂಟೆಯಲ್ಲಿ ಬರುವುದಿಲ್ಲ. 2023ರ ಕೊನೆಗೆ ಅತಿಥಿ ಉಪನ್ಯಾಸಕರು ಸೇವೆ ಕಾಯಂ ಮಾಡಿ ಅಂತ ತರಗತಿ ಬಿಟ್ಟು ಹೋರಾಟಕ್ಕೆ ಕೂತಾಗ ಮೇಡಂ ಕೂಡ ಹೋದರು. ನಮ್ಮ ಪಾಠ ನಿಂತಿತು, ನಮ್ಮಲ್ಲಿ ಕೆಲವರು ಬೈದುಕೊಂಡರು. ನಾನು ಬೈಯಲಿಲ್ಲ. ಕೋರ್ಸು ಬಿಡಬೇಡ ಅಂತ ನಮಗೆ ಹೇಳುವವರಿಗೆ ತಮ್ಮ ಕೆಲಸವೇ ಮುಂದಿನ ವರ್ಷ ಇರುತ್ತೋ ಇಲ್ಲವೋ ಗೊತ್ತಿಲ್ಲ. ಅದು ಯಾವ ನ್ಯಾಯ? ಆ ಸಮಯದಲ್ಲೂ "ಐದನೇ ಸೆಮ್ ಫೀಸ್ ಎಲ್ಲರೂ ಕಟ್ಟಿದ್ರಾ?" ಅಂತ ನಮ್ಮ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಬಂದಿತ್ತು.

ಮೂರು ವರ್ಷದಲ್ಲಿ ನಮ್ಮ ಕಾಲೇಜಿಗೆ ಸ್ಫೂರ್ತಿ ಭಾಷಣ ಮಾಡುವವರು ಬೇಕಾದಷ್ಟು ಜನ ಬಂದರು. ಕನಸು ಕಾಣಿ, ಗುರಿ ಮುಟ್ಟಿ ಅಂದರು. ಚಪ್ಪಾಳೆ ತಟ್ಟಿದೆವು, ಸಮೋಸ ತಿಂದೆವು. ಒಬ್ಬರಾದರೂ ಎನ್‌ಪಿಸಿಐ ಬಗ್ಗೆ ಹೇಳಲಿಲ್ಲ! ಕನಸು ನಮಗೂ ಇತ್ತು. ಗೊತ್ತಿಲ್ಲದೇ ಇದ್ದದ್ದು ಯಾವ ಕಾಗದ ಎಲ್ಲಿ ಕೊಡಬೇಕು, ಎಂದು ಕೊಡಬೇಕು ಅನ್ನುವುದು. ನನ್ನ ಜೊತೆ ಸೇರಿ ಮಧ್ಯದಲ್ಲಿ ಬಿಟ್ಟ ಹುಡುಗಿಯರಲ್ಲಿ ದಡ್ಡರು ಯಾರೂ ಇರಲಿಲ್ಲ. ಕಾಲೇಜಿಗೊಬ್ಬರು ಈ ಕೆಲಸಕ್ಕೇ ಅಂತ, ಸರಿಯಾದ ಸಂಬಳದ ಮೇಲೆ ಇರಬೇಕು ಅಂತ ನನಗನ್ನಿಸುತ್ತದೆ. ಯಾರದೋ ಒಳ್ಳೆಯತನದ ಮೇಲೆ ಎಷ್ಟು ದಿನ ಅಂತ ನಡೆಸುವುದು?

ಕೊನೆಯ ಸಲಹೆ ನಾಲ್ಕನೇ ವರ್ಷದ್ದು. 2024ರ ಮೇ ತಿಂಗಳಲ್ಲಿ ಸರ್ಕಾರ, ಹೊಸದಾಗಿ ಸೇರುವವರಿಗೆ ಮತ್ತೆ ಮೂರು ವರ್ಷದ ಡಿಗ್ರಿ ಅಂತ ಆದೇಶ ಮಾಡಿತು. ನಾವು ಮೊದಲ ಬ್ಯಾಚಿನವರು ಹಾನರ್ಸ್‌ಗೆ ನಿಲ್ಲುವುದಾ, ಹೊರಡುವುದಾ ಅಂತ ತಲೆ ಕೆಡಿಸಿಕೊಂಡೆವು. ಮೇಡಂ ಬೋರ್ಡಿನ ಮೇಲೆ ಬರೆದರು: ಮೂರು ಮತ್ತು ಎರಡು ಐದು, ನಾಲ್ಕು ಮತ್ತು ಒಂದು ಐದು. "ಒಂದು ವರ್ಷದ ಎಂ.ಎಸ್ಸಿ. ನೀವು ಹೋಗೋ ಕಡೆ ನಿಜವಾಗ್ಲೂ ಇದೆಯಾ ಅಂತ ಮೊದಲು ಕೇಳ್ಕೊಂಡು ಬನ್ನಿ. ರಿಸರ್ಚ್ ಜೊತೆ ಹಾನರ್ಸ್ ಬೇಕು ಅನ್ನೋರು ಆರು ಸೆಮಿಸ್ಟರ್‌ದು 75 ಪರ್ಸೆಂಟ್ ಇದೆಯಾ ನೋಡ್ಕೊಳ್ಳಿ." ನಾನು ಮೂರು ವರ್ಷಕ್ಕೆ ಮುಗಿಸಿ ಹೊರಟೆ. ಗೆಳತಿಯೊಬ್ಬಳು ಹಾನರ್ಸ್ ಆರಿಸಿಕೊಂಡಳು. ಇಬ್ಬರಿಗೂ ಕಾರಣ ಗೊತ್ತಿತ್ತು, ಅದು ಮುಖ್ಯ.

ಬೆಳಿಗ್ಗೆ ಎಂಟೂವರೆಗೆ ಇಂಗ್ಲಿಷ್ ಹೇಳಿಕೊಟ್ಟ ಸರ್, ಬಸ್ಸಿನಲ್ಲಿ ನೋಟ್ಸ್ ಓದುವಾಗ ಸೀಟು ಬಿಟ್ಟುಕೊಟ್ಟ ಕಂಡಕ್ಟರ್ ಅಕ್ಕ, ರೂಮಿನ ಬಾಡಿಗೆ ತಡವಾದರೂ ಬಾಯಿ ಬಿಡದ ಓನರ್ ಅಜ್ಜಿ, ನಿಮಗೆಲ್ಲ ಕೈ ಮುಗಿಯುತ್ತೇನೆ. ಅಪ್ಪ ಈಗ ಕೋಲು ಹಿಡಿದು ಹೊಲದ ತನಕ ಹೋಗಿ ಬರುತ್ತಾರೆ. ಈ ಬರಹವನ್ನು ಅವರಿಗೂ ಓದಿ ಹೇಳಿದೆ. "ಆಫೀಸಿನ ಸರ್ ಬಗ್ಗೆ ಸಿಡುಕು ಅಂತ ಬರೀಬೇಡ" ಅಂದರು. ಸರ್, ಅದನ್ನು ಮಾತ್ರ ತೆಗೆದಿಲ್ಲ, ಕ್ಷಮಿಸಿ.

ಎಂ.ಎಸ್ಸಿ. ಸೀಟು ಆದ ದಿನ ಮೇಡಂಗೆ ಫೋನ್ ಮಾಡಿದೆ. ಖುಷಿಪಟ್ಟರು. ಮರುಕ್ಷಣವೇ, "ಪಿಜಿಗೂ ಎಸ್‌ಎಸ್‌ಪಿ ಇದೆ. ಹಾಕಿದ್ಯಾ?"

ಹಾಕಿದ್ದೇನೆ ಮೇಡಂ. ಈ ಸಲ ಖಾತೆಯೂ ಸರಿಯಾದದ್ದೇ.